ಕೂಗಿ ನೋಡಿದ ಹೆಸರು

ನಮ್ಮೂರಲ್ಲಿ ಯಾರೂ ಜೋರಾಗಿ ಮಾತಾಡುವುದಿಲ್ಲ. ಹೊಸಬರು ಬಂದರೆ, ಇದೇನು ಊರಿಗೆ ಊರೇ ಸಾವಿನ ಮನೆಯಂತಿದೆ ಎಂದುಕೊಳ್ಳುತ್ತಾರೆ. ಸೊಪ್ಪಿನವಳು ಬಾಗಿಲಿಗೆ ಬಂದರೆ ಬುಟ್ಟಿ ಇಳಿಸಿ ಕಂಚಿನ ತಟ್ಟೆ ಬಡಿಯುತ್ತಾಳೆ. ಬಳೆಗಾರ ಬಳೆ ಕುಲುಕುತ್ತಾನೆ. ಮೆಲ್ಲಗೆ ಏನು ಬೇಕಾದರೂ ಆಡಿಕೊಳ್ಳಿ, ಅದಕ್ಕೆ ಅಡ್ಡಿಯಿಲ್ಲ. ಕೂಗುವ ಹಾಗಿಲ್ಲ, ಅಷ್ಟೆ. ಕೂಗಿದ ಮಾತು ಇಲ್ಲಿ ಒಂದೇ ಕಡೆಗೆ ನಡೆಯುವುದಿಲ್ಲ. ಆ ಸದ್ದಿಗೆ ಎಷ್ಟು ಅರ್ಥವೋ ಅಷ್ಟೂ ನಡೆಯುತ್ತದೆ. ನಮ್ಮ ತಾತನ ಕಾಲದಲ್ಲಿ ಅಂಗಡಿಯವನೊಬ್ಬ ಬೀದಿಯಲ್ಲಿ ನಿಂತು "ಅಕ್ಕಿ ಬಂತು ಅಕ್ಕಿ" ಎಂದು ಕೂಗಿದನಂತೆ. ಕೆರೆಯ ಕಡೆಯಿಂದ ಹಕ್ಕಿಗಳ ಹಿಂಡು ಬಂದು, ಬಂದ ಅಕ್ಕಿಯನ್ನೆಲ್ಲ ತಿಂದು ಹೋಯಿತಂತೆ. ಹಕಾರ ನಮ್ಮವರ ನಾಲಿಗೆಗೆ ಹತ್ತಿದ್ದೇ ಇಲ್ಲ. ಹತ್ತಿದ್ದರೆ ಅರ್ಧ ಕಷ್ಟ ತಪ್ಪುತ್ತಿತ್ತು. ಹಾಡು ಎಂದು ಕೂಗಿದರೆ ಆಡುಗಳು ಬರುತ್ತವೆ. ಪಂಚಾಯ್ತಿ ಕಟ್ಟೆಯಲ್ಲಿ ಯಾರಾದರೂ ಸಿಟ್ಟಿಗೆದ್ದು "ಏಳು" ಎಂದು ಗದರಿಸಿದರೆ, ಹೇಳಬೇಕಾದವನು ಎದ್ದು ನಿಲ್ಲುತ್ತಾನೆ, ಎದ್ದು ಹೋಗಬೇಕಾದವನು ಕೂತಲ್ಲೇ ತನ್ನ ಕಷ್ಟಸುಖವನ್ನೆಲ್ಲ ಹೇಳಲು ಶುರು ಮಾಡುತ್ತಾನೆ.

ಇಂಥ ಊರಲ್ಲಿ ಮಗುವಿಗೆ ಹೆಸರಿಡುವುದೆಂದರೆ ಮದುವೆ ಮಾಡುವುದಕ್ಕಿಂತ ಕಷ್ಟ. ಕರೆದರೆ ಆ ಮಗು ಮಾತ್ರ ತಿರುಗಿ ನೋಡಬೇಕು, ಬೇರೆ ಏನೂ ಬರಬಾರದು. ಅದನ್ನು ನೋಡಿ ಹೇಳುವುದಕ್ಕೆ ಕೂಗಜ್ಜಿ ಇದ್ದಾಳೆ. ಅವಳ ಹೆಸರು ಕಾಳಿಂಗಮ್ಮ. ಹಾಗೆಂದು ಕರೆಯುವವರೆಲ್ಲ ಎಂದೋ ತೀರಿಕೊಂಡರು. ಹೆಸರಿಡುವ ದಿನ ಅವಳು ಹೊಸಿಲ ಮೇಲೆ ನಿಂತು, ಮನೆಯವರು ಆರಿಸಿದ ಹೆಸರನ್ನು ಗಂಟಲು ಬಿಚ್ಚಿ ಕೂಗುತ್ತಾಳೆ. ಉದ್ದಕ್ಕೆ ಎಳೆದು ಕೂಗುತ್ತಾಳೆ, ಮೊಟಕು ಮಾಡಿ ಕೂಗುತ್ತಾಳೆ, ಮುದ್ದಿಗೆ ಕರೆದ ಹಾಗೆ, ಸಿಟ್ಟಿನಲ್ಲಿ ಕರೆದ ಹಾಗೆ ಕೂಗುತ್ತಾಳೆ. ನೆರೆದವರೆಲ್ಲ ಬೀದಿಯ ಕಡೆ ನೋಡುತ್ತ ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ಏನೂ ಬರದಿದ್ದರೆ "ಆಯ್ತು, ಇಡ್ರವ್ವ" ಎನ್ನುತ್ತಾಳೆ. ಏನಾದರೂ ಬಂದರೆ ಆ ಹೆಸರಿಗೆ ಅಲ್ಲಿಗೆ ಎಳ್ಳುನೀರು. ನಮ್ಮ ಚಿಕ್ಕಪ್ಪನ ಮಗನಿಗೆ ಕರಿಯ ಎಂದಿಡಲು ಹೋಗಿ ಊರಿನ ಎಮ್ಮೆಗಳೆಲ್ಲ ಅಂಗಳ ತುಂಬಿ, ಪಾಯಸದ ತಪ್ಪಲೆಗೆ ಬಾಯಿ ಹಾಕಿದ್ದನ್ನು ನಾನೇ ಕಂಡಿದ್ದೇನೆ.

ನಮ್ಮದು ಗಾಣದ ಮನೆ. ಅಣ್ಣ ಬೋರಲಿಂಗ ಎಳ್ಳು ಕೊಂಡು ತರುತ್ತಾನೆ, ಎಣ್ಣೆ ಮಾರುತ್ತಾನೆ. ಗಾಣ ನೋಡಿಕೊಳ್ಳುವುದು ನನ್ನ ಕೆಲಸ. ನನ್ನನ್ನು ಸಣ್ಣಲಿಂಗ ಎನ್ನುತ್ತಾರೆ. ಮದುವೆಯಾಗಿಲ್ಲ. ಹೆಣ್ಣು ನೋಡಲು ಹೋದ ಊರುಗಳಲ್ಲೆಲ್ಲ ನನ್ನ ಪಿಸುಮಾತು ಕೇಳಿ, ಹುಡುಗನಿಗೆ ಏನೋ ರೋಗವಿದೆ ಎಂದು ಕಳಿಸಿಬಿಟ್ಟರು. ಅಣ್ಣನ ಅದೃಷ್ಟ ಚೆನ್ನಾಗಿತ್ತು. ಅವನಿಗೆ ಸಿಕ್ಕ ಚೆನ್ನಾಜಿ, ನನ್ನ ಅತ್ತಿಗೆ, ಹೊಲದ ಈ ಬದುವಿನಿಂದ ಆ ಬದುವಿಗೆ ಕೂಗಿ ಮಾತಾಡುವ ಸೀಮೆಯಿಂದ ಬಂದವಳು. ಬಂದ ಹೊಸದರಲ್ಲಿ ಅವಳ ಬಾಯಲ್ಲಿ ಹಕಾರವೂ ಇತ್ತು, ಹಾಡೂ ಇತ್ತು. ಎಳ್ಳು ಕೇರುತ್ತ ಒಂದು ಸಲ ಮೈಮರೆತು ಗಟ್ಟಿಯಾಗಿ ಹಾಡಿಕೊಂಡಳು. ಆ ಹಾಡಿನಲ್ಲಿ ಏನೇನು ಮಾತಿದ್ದವೋ, ಹಿತ್ತಲಿಗೆ ಬಂದದ್ದನ್ನೆಲ್ಲ ಓಡಿಸುವಷ್ಟರಲ್ಲಿ ಸಂಜೆಯಾಯಿತು. ನಮ್ಮವ್ವ ಅವಳ ಬಾಯಿಗೆ ಸೆರಗು ತುರುಕಿದ್ದನ್ನು ನಾನು ಮರೆತಿಲ್ಲ. ಆಮೇಲೆ ಅತ್ತಿಗೆ ಹಾಡಲಿಲ್ಲ. ನಾಲ್ಕಾರು ವರ್ಷದಲ್ಲಿ ಹಕಾರವೂ ಉದುರಿಹೋಯಿತು.

ಹೆಣ್ಣು ಮಗು ಹುಟ್ಟಿದಾಗ ಅವಳು ಬೇಡಿದ್ದು ಒಂದೇ: "ನಾನಂತೂ ಆಡಂಗಿಲ್ಲ. ಎಸರಾದ್ರೂ ಗಾನ ಅಂತಿರ್ಲಿ."

ಕೂಗಜ್ಜಿ ಕೇಳಿ ಹೌಹಾರಿದಳು. "ಗಾಣದ ಮನೇಲಿ ಗಾನ ಅಂತ ಎಸರಾ? ಎತ್ತಿಲ್ದಂಗೆ ಗಾಣ ತಿರುಗಿಬಿಟ್ರೆ ನನ್ನ ಕೇಳ್ಬ್ಯಾಡ್ರಿ."

"ತಿರುಗಿದ್ರೆ ಒಳ್ಳೇದಾಯ್ತು ಬುಡಜ್ಜಿ, ಎತ್ತಿನ ಮೇವು ಉಳೀತದೆ," ಎಂದ ಅಣ್ಣ. ಎಲ್ಲರೂ ಸೆರಗು, ಟವೆಲ್ಲು ಬಾಯಿಗೆ ಹಿಡಿದು ನಕ್ಕರು.

ನನ್ನನ್ನು ಗಾಣದ ಹತ್ತಿರ ಕಾವಲಿಗೆ ನಿಲ್ಲಿಸಿದರು. ಕೂಗಜ್ಜಿ ನಾಲಿಗೆಯನ್ನು ಹಲ್ಲಿಗೆ ಒತ್ತಿ, ಎಲ್ಲೂ ಗಾಣದ ಸದ್ದು ನುಸುಳದ ಹಾಗೆ ಕೂಗಿದಳು. ಗಾನಾ ಎಂದಳು, ಗಾನವ್ವಾ ಎಂದಳು, ಗಾನೀ ಎಂದಳು. ಕೊನೆಗೆ, ದೂರದಿಂದ ಮಕ್ಕಳನ್ನು ಕರೆಯುವಾಗ ಬಾಲ ಕತ್ತರಿಸುತ್ತೇವಲ್ಲ, ಹಾಗೆ "ಗಾನ್" ಎಂದಳು. ಗಾಣ ಮಿಸುಕಲಿಲ್ಲ. ಬೀದಿಯಲ್ಲಿ ಒಂದು ನಾಯಿಯೂ ಸುಳಿಯಲಿಲ್ಲ. ತೊಟ್ಟಿಲಲ್ಲಿದ್ದ ಕೂಸು ಮಾತ್ರ ಕತ್ತು ತಿರುಗಿಸಿ ನೋಡಿತು.

"ಇಂಥ ಚೊಕ್ಕ ಎಸರು ನಾನು ಕೂಗಿದ್ದೇ ಇಲ್ಲ. ಇಡ್ರವ್ವ," ಎಂದಳು ಅಜ್ಜಿ.

ಆ ದಿನದಿಂದ ನಮ್ಮ ಬೀದಿಯಲ್ಲಿ ಒಂದು ಗಂಟಲು ಬಿಚ್ಚಿತು. ಅತ್ತಿಗೆಗೆ ಕೂಗಲು ಇದ್ದ ಮಾತು ಅದೊಂದೇ. ಮಗು ಕಾಲ ಕೆಳಗೇ ಆಡುತ್ತಿದ್ದರೂ, ಆಚೆ ಊರಿನಲ್ಲಿದೆಯೇನೋ ಎನ್ನುವ ಹಾಗೆ "ಗಾನ್" ಎಂದು ಕೂಗುತ್ತಿದ್ದಳು. ಉಣ್ಣಲು ಕೂಗು, ಜಡೆಗೆ ಕೂಗು, ಏನೂ ಇಲ್ಲದಿದ್ದರೆ ಸುಮ್ಮನೆ ಒಂದು ಕೂಗು. ಅಕ್ಕಪಕ್ಕದವರು ಕೆಲಸ ನಿಲ್ಲಿಸಿ ಕೇಳುತ್ತಿದ್ದರು. ನನಗೂ ಅದು ಹಿತವಾಗಿತ್ತು. ಮನೆ ತುಂಬಿದ ಹಾಗಿತ್ತು.

ಗಾನ ಎಣ್ಣೆ ಮೈಯ ಹುಡುಗಿಯಾಗಿ ಬೆಳೆದಳು. ಅವಳಿಗೆ ಗಾಣದ ಅಡ್ಡಮರದ ಮೇಲೆ ಕೂತು ಸುತ್ತುವ ಹುಚ್ಚು. ಗಾಣ ನೋಡದವರಿಗೆ ಹೇಳಬೇಕು: ನಡುವೆ ಕಲ್ಲಿನ ಒರಳು, ಅದರೊಳಗೆ ಆಳೆತ್ತರದ ಒನಕೆಯಂಥ ಮರ, ಅದಕ್ಕೆ ಕಟ್ಟಿದ ಅಡ್ಡಮರ. ಒನಕೆ ಒತ್ತಲೆಂದು ಅಡ್ಡಮರದ ಮೇಲೆ ಚಪ್ಪಡಿ ಕಲ್ಲುಗಳನ್ನು ಹೇರಿ ಹಗ್ಗ ಬಿಗಿದಿರುತ್ತೇವೆ. ಅದನ್ನು ಎಳೆದುಕೊಂಡು ಎತ್ತು ಸುತ್ತುತ್ತದೆ. ನಮ್ಮ ಎತ್ತಿನ ಹೆಸರು ಕೆಂದ. ತಲೆ ತಿರುಗದಿರಲೆಂದು ಅದರ ಕಣ್ಣಿಗೆ ಬಟ್ಟೆ ಕಟ್ಟಿರುತ್ತೇವೆ. ಆದರೂ ಗಾನ ಸುತ್ತಿನೊಳಕ್ಕೆ ಕಾಲಿಟ್ಟರೆ ಆ ಹೆಜ್ಜೆ ಕೇಳಿ ತಾನಾಗಿ ನಿಲ್ಲುತ್ತಿತ್ತು. ಅವಳು ಹತ್ತಿ ಕೂತ ಮೇಲೆಯೇ ಹೊರಡುತ್ತಿತ್ತು. ನಾನು ಹೊಡೆದರೂ ಅಲ್ಲಾಡುತ್ತಿರಲಿಲ್ಲ.

ಇಂಗ್ಲಿಷು ನಮ್ಮೂರಿಗೆ ಬಂದದ್ದು ಆ ಕಾಲದಲ್ಲಿ. ತಂದವನು ಜವಳಿ ಮುದ್ದಯ್ಯ. ಪೇಟೆಯಿಂದ ಬಟ್ಟೆಯ ಗಂಟಿನ ಜೊತೆ ಒಂದು ಮಾತನ್ನೂ ಕಟ್ಟಿಕೊಂಡು ಬಂದು, ಅಂಗಡಿಯ ಮುಂದೆ ನಿಂತು "ಸೇಲ್! ಸೇಲ್!" ಎಂದು ಕೂಗಿದ. ಊರವರು ಕಿವಿ ಮುಚ್ಚಿಕೊಂಡರು. ಏನೂ ಬರಲಿಲ್ಲ. ಗಿರಾಕಿಗಳು ಮಾತ್ರ ಬಂದರು. ಇಂಗ್ಲಿಷು ಕೂಗಿದರೆ ಅಪಾಯವಿಲ್ಲ ಎಂದು ಗೊತ್ತಾಗಿದ್ದೇ ತಡ, ಊರಿಗೆ ಜಾತ್ರೆಯ ಕಳೆ ಬಂತು. ಅಕ್ಕಿಯವನು "ರೈಸ್" ಎಂದು ಕೂಗಿದ, ಹಕ್ಕಿಗಳು ಮರದಲ್ಲೇ ಕೂತಿದ್ದವು. ಹಾಲಿನವನು "ಮಿಲ್ಕ್" ಎಂದ. ತಲೆತಲಾಂತರದಿಂದ ಬಾಯಿ ಕಟ್ಟಿಕೊಂಡಿದ್ದ ಮುದುಕರು, ಅರ್ಥ ಗೊತ್ತಿಲ್ಲದಿದ್ದರೂ ಕಟ್ಟೆಯ ಮೇಲೆ ಕೂತು "ವೆರಿಗುಡ್, ವೆರಿಗುಡ್" ಎಂದು ಕೂಗಿ ಗಂಟಲು ತೀಟೆ ತೀರಿಸಿಕೊಂಡರು. ಮಕ್ಕಳಾದರೂ ಇದನ್ನು ಸರಿಯಾಗಿ ಕಲಿತು ಬಾಯಿತುಂಬ ಮಾತಾಡಲಿ ಎಂದು ಊರವರು ಸೇರಿ ಶಾಲೆ ತೆರೆದರು. ಪಾಠ ಹೇಳಲು ಐರಿನ್ ಟೀಚರು ಹೊರಗಿನಿಂದ ಬಂದರು. ಮೊದಲ ದಿನವೇ ಗಾನಳ ಕೈ ಹಿಡಿದು ಕರೆದುಕೊಂಡು ಹೋಗಿ ಸೇರಿಸಿದವಳು ಅತ್ತಿಗೆ.

ಒಂದು ವರ್ಷ ಎಲ್ಲವೂ ಚೆನ್ನಾಗಿತ್ತು. ಆಮೇಲೆ ಒಂದು ಬೆಳಿಗ್ಗೆ ಮುದ್ದಯ್ಯ ಎಂದಿನಂತೆ "ಸೇಲ್" ಎಂದು ಕೂಗಿದ. ತೂಗುಹಾಕಿದ್ದ ಸೀರೆ, ಪಂಚೆಗಳೆಲ್ಲ ಗಾಳಿಯಿಲ್ಲದೆ ಉಬ್ಬಿದವು. ಉಬ್ಬಿ, ಗೂಟ ಕಿತ್ತುಕೊಂಡು ಕೆರೆಯ ಕಡೆ ಹೊರಟವು. ಗಾಬರಿಯಲ್ಲಿ ಗಿರಾಕಿಗಳನ್ನಾದರೂ ಉಳಿಸಿಕೊಳ್ಳೋಣವೆಂದು "ಓಲ್‌ಸೇಲ್! ಓಲ್‌ಸೇಲ್!" ಎಂದ. ಅಂಗಡಿಯ ಮುಂದೆ ನೆಲ ಕುಸಿದು ಗುಂಡಿಯಾಯಿತು, ಮುದ್ದಯ್ಯ ಅದರೊಳಗಿದ್ದ. ಅತ್ತ ಅಕ್ಕಿಯವನು "ರೈಸ್" ಎಂದು ಕೂಗಿದ್ದಕ್ಕೆ ಮೂಟೆಗಳು ಮೇಲಕ್ಕೆದ್ದು ತೊಲೆಗೆ ತಗುಲಿಕೊಂಡವು.

ಟೀಚರು ಓಡಿ ಬಂದರು. ಅವರ ಮುಖ ಬಿಳಿಚಿಕೊಂಡಿತ್ತು. "ಸೇಲ್ ಅಂದ್ರೆ ಮಾರಾಟ. ಅದೇ ಸದ್ದಿಗೆ ದೋಣಿಗೆ ಕಟ್ಟೋ ಹಾಯಿ ಅಂತಾನೂ ಅರ್ಥ ಇದೆ. ಹೋಲ್ ಅಂದ್ರೆ ಪೂರ್ತಿ, ಹೋಲ್ ಅಂದ್ರೆ ತೂತು. ರೈಸ್ ಅಂದ್ರೆ ಅಕ್ಕಿ, ರೈಸ್ ಅಂದ್ರೆ ಮೇಲೇಳೋದು. ನಿನ್ನೆ ತಾನೇ ಮಕ್ಕಳಿಗೆ ಈ ಪಾಠ ಮಾಡಿದೆ. ನಮ್ಮ ಕಡೆ ಇದನ್ನ ಸುಮ್ನೆ ನಗ್ಸೋದಕ್ಕೆ ಹೇಳಿಕೊಡ್ತಾರೆ," ಎಂದರು.

"ಇಂಥವು ಇನ್ನೆಷ್ಟವೆ?" ಎಂದು ಕೇಳಿದಳು ಕೂಗಜ್ಜಿ.

"ತುಂಬಾ ಇದೆ ಅಜ್ಜಿ. ನಮ್ಮ ಭಾಷೆಗಿಂತ ಆ ಭಾಷೇಲೇ ಜಾಸ್ತಿ."

ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷೀಲಿ ಅಂದ ಹಾಗಾಯಿತು. ಅರ್ಥ ಗೊತ್ತಿಲ್ಲದಷ್ಟು ದಿನ ಕ್ಷೇಮವಾಗಿದ್ದೆವು. ನಮ್ಮ ಮಕ್ಕಳು ಕಲಿತದ್ದೊಂದೊಂದೂ ಊರೊಳಗೆ ಬಂದು ಹಳೆಯ ಸದ್ದುಗಳ ಪಕ್ಕದಲ್ಲಿ ಕೂತುಕೊಂಡಿತ್ತು. ಅಂಗಡಿಯವರು ಮತ್ತೆ ತಟ್ಟೆ ಹಿಡಿದರು. ಅತ್ತಿಗೆ ಮಾತ್ರ ಹೆದರಲಿಲ್ಲ. ಅವಳು ಕೂಗುತ್ತಿದ್ದುದು ಇಂಗ್ಲಿಷಲ್ಲವಲ್ಲ. ಕೂಗಜ್ಜಿಯೇ ಕೂಗಿ ಒಪ್ಪಿಸಿದ ಕನ್ನಡದ ಹೆಸರು.

ಗಾನಳಲ್ಲಿ ಏನೋ ಕಡಿಮೆಯಾಗುತ್ತಿದೆ ಎಂದು ಮೊದಲು ಕಂಡದ್ದು ಹಿಂಡಿಯ ಕೋಣೆಯಲ್ಲಿ. ನೆಲದ ಮೇಲೆ ಹಿಂಡಿಯ ಪುಡಿ ಸದಾ ಚೆಲ್ಲಿರುತ್ತದೆ. ಅದರ ಮೇಲೆ ನಮ್ಮೆಲ್ಲರ ಹೆಜ್ಜೆ, ಕೋಳಿಯ ಹೆಜ್ಜೆ, ಇಲಿಯ ಹೆಜ್ಜೆ ಕೂಡ ಮೂಡುತ್ತದೆ. ಗಾನ ಓಡಿಹೋದ ಕಡೆ ಪುಡಿ ಕದಲದೆ ಹಾಗೇ ಇತ್ತು, ಒಂದು ಹೆಜ್ಜೆಯೂ ಮೂಡಿರಲಿಲ್ಲ. ಹುಡುಗಿ ಸೊರಗಿದ್ದಾಳೆ ಎಂದು ಅಣ್ಣ ತುಪ್ಪ ತಂದ. ಅತ್ತಿಗೆ ಇನ್ನೂ ಹೆಚ್ಚಾಗಿ ಕೂಗಿ ಕರೆದು ಉಣ್ಣಿಸಿದಳು. ಬಡಿಸುವಾಗ ಒಂದೊಂದು ಸಲ ನಾವೇ ಅವಳಿಗೆ ಎಲೆ ಹಾಕಲು ಮರೆಯುತ್ತಿದ್ದೆವು. ಅವಳು ಎದುರಿಗೇ ಕೂತಿರುತ್ತಿದ್ದಳು. ಕೆಂದ ಕೂಡ ಅವಳಿಗಾಗಿ ನಿಲ್ಲುವುದನ್ನು ಬಿಟ್ಟಿತು. ಮೈಯೊಳಗೆ ಏನೋ ರೋಗ ಸೇರಿದೆ ಎಂದು ನಾವು ಔಷಧಿಯವನ ಹತ್ತಿರ ಅಲೆದೆವು. ನಮ್ಮೂರಿನವರ ಬುದ್ಧಿಯೇ ಅಷ್ಟು: ಕೂಗಿದರೆ ಏನು ಬಂತು ಎಂದು ನೋಡುವುದೊಂದೇ ನಮಗೆ ಗೊತ್ತು. ಏನು ಹೋಯಿತು ಎಂದು ನೋಡಿದವರಿಲ್ಲ.

ಮಧ್ಯಾಹ್ನದ ಬುತ್ತಿ ಕೊಡಲು ನಾನು ಶಾಲೆಗೆ ಹೋದ ದಿನ ನಿಜ ಬಯಲಾಯಿತು. ಟೀಚರು ಹಿಂದೆ ಕಲಿಸಿದ್ದ ಪಾಠವನ್ನೇ ಹಲಗೆಯ ಮೇಲೆ ಬರೆದು ಮತ್ತೆ ಹೇಳಿಸುತ್ತಿದ್ದರು. ಮಕ್ಕಳು ಮೊದಮೊದಲು ಮೆಲ್ಲಗೆ ಹೇಳುತ್ತಿದ್ದವರು ಲಯ ಸಿಕ್ಕಿದ ಮೇಲೆ ಮರೆತು ಗಟ್ಟಿಯಾಗಿ ಕೂಗತೊಡಗಿದರು. "ಗಿವ್, ಗೇವ್, ಗಿವನ್. ಗೋ, ವೆಂಟ್, ಗಾನ್." ಕಿಟಕಿಯಲ್ಲಿ ನಿಂತು ನಾನು ಗಾನಳನ್ನೇ ನೋಡುತ್ತಿದ್ದೆ. ಎರಡನೆಯ ಸಾಲಿನ ತುದಿಯಲ್ಲಿ ಕೂತಿದ್ದಳು. ಅವರು "ಗಾನ್" ಎಂದೊಡನೆ ಅವಳ ಬೆನ್ನ ಹಿಂದಿನ ಗೋಡೆ ನನಗೆ ಕಾಣಿಸಿತು. ಅವಳ ಮೂಲಕವೇ ಕಾಣಿಸಿತು. ಗೋಡೆಯ ಮೇಲಿನ ಸುಣ್ಣದ ಬಿರುಕೂ ಕಂಡಿತು. ಆಮೇಲೆ ನಿಧಾನವಾಗಿ ಅವಳು ಮತ್ತೆ ಮೂಡಿದಳು. ಬುತ್ತಿ ನನ್ನ ಕೈಯಿಂದ ಬಿತ್ತು.

"ಟೀಚರ್, ಗಾನ್ ಅಂದ್ರೇನು?" ಎಂದು ಕೇಳಿದೆ.

ಅವರು ನನ್ನನ್ನು ನೋಡಿದರು, ಹುಡುಗಿಯನ್ನು ನೋಡಿದರು. ಸುಣ್ಣದ ಕಡ್ಡಿ ಹಿಡಿದ ಕೈ ನಡು ಗಾಳಿಯಲ್ಲೇ ನಿಂತಿತು. "ಹೋಗಿಬಿಟ್ಟಿದೆ ಅಂತ," ಎಂದರು. "ಹೋದದ್ದು. ಇನ್ನಿಲ್ಲಿ ಇಲ್ಲ ಅಂತ."

ಮನೆಗೆ ಬಂದು ಅತ್ತಿಗೆಗೆ ಹೇಳಿದಾಗ ಅವಳು ಎಳ್ಳು ಕೇರುತ್ತಿದ್ದಳು. ಮೊರವನ್ನು ಕೆಳಗಿಟ್ಟಳು. ಆಮೇಲೆ, "ನಾನು ದಿನಾ ಎಷ್ಟು ಸಲ ಕೂಗ್ತಿದ್ದೆ ಮೈದ?" ಎಂದಳು. "ಒಟ್ಟೆ ತುಂಬ ಉಣ್ಲಿ ಅಂತ ಕೂಗ್ದೆ. ಬಿಸಿಲಾಗೆ ಆಡ್ಬ್ಯಾಡ ಅಂತ ಕೂಗ್ದೆ. ಓಗು ಓಗು ಅಂತ ನಾನೇ ಅಟ್ಟಿದ್ನಲ್ಲೋ," ಎಂದು ಹಣೆ ಹಣೆ ಚಚ್ಚಿಕೊಂಡಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆಯನ್ನು ನಾನು ಹುಟ್ಟಿದಾಗಿನಿಂದ ಕೇಳಿದ್ದೇನೆ. ಅದು ಹೀಗೆ ಮನೆಯೊಳಕ್ಕೆ ಬಂದು ಕೂರುತ್ತದೆ ಎಂದು ಎಣಿಸಿರಲಿಲ್ಲ.

ಅಣ್ಣ ಕೂಗಜ್ಜಿಯನ್ನು ಕರೆತಂದು ಬೇರೆ ಹೆಸರಿಡಲು ಕೇಳಿಕೊಂಡ. ಅಜ್ಜಿ ಹೊಸಿಲ ಮೇಲೆ ನಿಂತು ತನಗೆ ಗೊತ್ತಿದ್ದ ಹೆಸರುಗಳನ್ನೆಲ್ಲ ಕೂಗಿದಳು. ಗಾನ ಅಂಗಳದಲ್ಲಿ ಕಲ್ಲಾಡುತ್ತಿದ್ದವಳು ಒಂದಕ್ಕೂ ತಿರುಗಿ ನೋಡಲಿಲ್ಲ. ಕೂಗಿ ಕೂಗಿ ಅಜ್ಜಿಗೆ ಕೆಮ್ಮು ಬಂತು. "ಇಕ್ಕಿದ ಎಸರು ಚರ್ಮ ಇದ್ದಂಗೆ ಕನ್ಲಾ ಬೋರ. ಸುಲಿದು ಬ್ಯಾರೆ ಒದಿಸಕ್ಕಾಯ್ತದಾ? ಕೂಗ್ಬ್ಯಾಡ್ರಿ, ಅಷ್ಟೆ. ಇರಷ್ಟಾದ್ರೂ ಉಳೀತಾಳೆ," ಎಂದು ಕೋಲೂರಿಕೊಂಡು ಹೊರಟುಹೋದಳು.

ಹಾಗೆ ನಮ್ಮ ಬೀದಿಯಲ್ಲಿ ಬಿಚ್ಚಿದ್ದ ಒಂದೇ ಗಂಟಲೂ ಮುಚ್ಚಿಕೊಂಡಿತು. ಗಾನ ಶಾಲೆ ಬಿಟ್ಟಳು. ಟೀಚರು ಆ ಪಾಠವನ್ನೇ ಅಳಿಸಿಹಾಕಿದರು, ಆದರೆ ಕಲಿತದ್ದನ್ನು ಮಕ್ಕಳ ತಲೆಯಿಂದ ತೆಗೆಯುವುದು ಹೇಗೆ? ಅತ್ತಿಗೆ ಮಗಳನ್ನು ಕರೆಯಬೇಕಾದಾಗ ಬಳೆ ಅಲ್ಲಾಡಿಸುತ್ತಿದ್ದಳು, ಚಪ್ಪಾಳೆ ತಟ್ಟುತ್ತಿದ್ದಳು, ಇಲ್ಲವೇ ಎದ್ದು ಹೋಗಿ ಭುಜ ಮುಟ್ಟುತ್ತಿದ್ದಳು. ಹುಡುಗಿ ಇದ್ದಷ್ಟಕ್ಕೆ ನಿಂತಳು. ಇನ್ನಷ್ಟು ಕಡಿಮೆಯಾಗಲಿಲ್ಲ, ಹೆಚ್ಚೂ ಆಗಲಿಲ್ಲ. ನಮಗೆ ಅಷ್ಟೇ ಸಾಕಾಗಿತ್ತು. ಸಾಲದೆ ಹೋದದ್ದು ಅವಳಿಗೆ.

ಒಂದು ಸಂಜೆ ಅಮ್ಮನ ಮಡಿಲಲ್ಲಿ ತಲೆಯಿಟ್ಟು ಕೇಳಿದಳು: "ಅವ್ವ, ಒಂದ್ಸಲ ನನ್ನ ಎಸರಿಡಿದು ಕರಿಯವ್ವ."

"ಬ್ಯಾಡ ಮಗ."

"ಎಲ್ಲಾರ್ನೂವೆ ಅವರವ್ವದೀರು ಮುಟ್ಟಿ ಕರೀತಾರೆ, ಇಲ್ಲ ಕೂಗಿ ಕರೀತಾರೆ. ನೀನು ಮುಟ್ಟಿದ್ರೂ ನಂಗೆ ಗೊತ್ತೇ ಆಗಾಕಿಲ್ಲ. ಕೂಗಿದ್ರೆ ಗೊತ್ತಾಯ್ತಿತ್ತು."

ಅತ್ತಿಗೆ ಅವಳ ತಲೆ ಸವರುತ್ತ, "ಮನಸ್ನಾಗೆ ಕೂಗ್ತಾನೇ ಇವ್ನಿ ಕನ ಮಗ, ಕೇಳಾಕಿಲ್ವಾ?" ಎಂದಳು. ಹುಡುಗಿ ಸ್ವಲ್ಪ ಹೊತ್ತು ಕಿವಿಗೊಟ್ಟಳು. ಇಲ್ಲವೆಂದು ತಲೆಯಾಡಿಸಿದಳು. ನಾನು ಎದ್ದು ಹೊರಗೆ ಹೋದೆ. ಗಂಡಸಿನ ಕಣ್ಣಲ್ಲಿ ನೀರು ಬಂದರೆ ನಮ್ಮ ಮನೆಯಲ್ಲಿ ಎಳ್ಳಿನ ಧೂಳು ಎನ್ನುತ್ತೇವೆ.

ಅವಳ ಒಂದೇ ಖುಷಿ ಗಾಣ. ನಾನು ಒಂದು ದಿನ ಬೇಡವೆಂದೆ. "ನೀನು ಕೂತರೂ ಭಾರ ಬೀಳಾಕಿಲ್ಲ ಮಗ, ಸುಮ್ನೆ ಯಾಕೆ?" ಎಂದೆ. ಅವಳು ನಕ್ಕು, "ಚಿಕ್ಕಪ್ಪೋ, ಭಾರ ಇಲ್ದಿದ್ರೆ ಕೆಂದಂಗೇ ಒಳ್ಳೇದಲ್ವಾ?" ಎಂದಳು. ನಾನು ಮತ್ತೆ ತಡೆಯಲಿಲ್ಲ. ನಗುವಾಗಲಾದರೂ ಅವಳು ಇದ್ದಾಳೆ ಅನ್ನಿಸುತ್ತಿತ್ತು.

ಅದು ಬೆಳಗಿನ ಹೊತ್ತು. ಅಣ್ಣ ಸಂತೆಗೆ ಹೋಗಿದ್ದ. ನಾನು ಎಳ್ಳಿನ ಮೂಟೆ ಹೊತ್ತು ಬೀದಿಯ ಬಾಗಿಲಲ್ಲಿದ್ದೆ. ಅತ್ತಿಗೆ ಅಡುಗೆಮನೆಯ ಹೊಸಿಲಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದಳು. ಗಾನ ಸುತ್ತಿನೊಳಕ್ಕೆ ಕಾಲಿಟ್ಟಳು. ಕೆಂದನಿಗೆ ಹೆಜ್ಜೆ ಕೇಳಿಸಲಿಲ್ಲ, ಅದು ನಿಲ್ಲಲಿಲ್ಲ. ಚಲಿಸುವ ಅಡ್ಡಮರಕ್ಕೇ ಅವಳು ಹಾರಿದಳು. ಕೈ ಜಾರಿತು. ಬೀಳುವಾಗ ಲಂಗದ ಅಂಚು ಮರದ ಗೂಟಕ್ಕೆ ಸಿಕ್ಕಿತು. ಎತ್ತು ಎಳೆಯುತ್ತಲೇ ಇತ್ತು, ಅವಳು ನೆಲದ ಮೇಲೆ ಉಜ್ಜಿಕೊಂಡು ಹೋಗುತ್ತಿದ್ದಳು. ಅಷ್ಟರಲ್ಲಿ ಮೇಲೆ ಬಿಗಿದಿದ್ದ ಹಗ್ಗ ಪಟ್ಟೆಂದು ಹರಿಯಿತು. ಹೇರಿದ್ದ ಚಪ್ಪಡಿಗಳು ಅವಳ ಕಡೆಗೇ ಜಾರತೊಡಗಿದವು.

ನಾನು ಮೂಟೆ ಎಸೆದು ಓಡಿದೆ, ಆದರೆ ನನಗೂ ಅವಳಿಗೂ ನಡುವೆ ಇಡೀ ಅಂಗಳವಿತ್ತು. ಅತ್ತಿಗೆ ಎದ್ದು ನಿಂತಿದ್ದಳು. ಆ ಒಂದು ಗಳಿಗೆಯಲ್ಲಿ ಅವಳು ಏನೇನು ಯೋಚಿಸಿದಳೆಂದು ಆಮೇಲೆ ನನಗೆ ಹೇಳಿದ್ದಾಳೆ. ಓಡು ಎಂದು ಕೂಗಿದರೆ ಸೂರಿನ ಓಡೆಲ್ಲ ಕಳಚಿ ಹುಡುಗಿಯ ಮೇಲೆಯೇ ಬೀಳುತ್ತಿತ್ತು. ಬಾ ಎಂದರೆ ಅವಳು ಬರುವುದಾದರೂ ಹೇಗೆ, ಲಂಗ ಸಿಕ್ಕಿಕೊಂಡಿದೆ; ಬರುವುದು ಕಲ್ಲೇ. ಆ ಕಲ್ಲು ಬೀಳುವ ಜಾಗದಲ್ಲಿ ಮಗಳು ಇಲ್ಲದಂತೆ ಮಾಡುವ ಮಾತು ಅವಳ ಹತ್ತಿರ ಒಂದೇ ಒಂದಿತ್ತು. ತಿಂಗಳುಗಟ್ಟಲೆ ಗಂಟಲಲ್ಲೇ ಅದುಮಿಟ್ಟುಕೊಂಡಿದ್ದ ಮಾತು.

ಗಾನ ಅಮ್ಮನ ಕಡೆ ನೋಡಿದಳು. ಅಮ್ಮ ಬಾಯಿ ತೆರೆಯುವುದು ಅವಳಿಗೆ ಕಂಡಿತು. ಆಗ ಅವಳ ಮುಖ ಅರಳಿತು. ಇದನ್ನು ನಾನು ಕಣ್ಣಾರೆ ನೋಡಿದ್ದೇನೆ, ಯಾರು ಏನೇ ಹೇಳಲಿ.

"ಗಾನ್!"

ಅಂಥ ಕೂಗನ್ನು ನಮ್ಮೂರು ಅದಕ್ಕೆ ಮೊದಲು ಕೇಳಿರಲಿಲ್ಲ. ಕೆರೆಯ ಆಚೆಯವರಿಗೂ ಕೇಳಿಸಿತಂತೆ. ಕಲ್ಲುಗಳು ಧೊಪ್ಪನೆ ನೆಲಕ್ಕೆ ಬಿದ್ದವು. ಬರಿಯ ನೆಲಕ್ಕೆ. ಕೆಂದ ನಿಂತಿತು. ಗೂಟಕ್ಕೆ ಲಂಗದ ಅಂಚು ಮಾತ್ರ ಸಿಕ್ಕಿಕೊಂಡಿತ್ತು, ಕೆಂಪು ಬಾರ್ಡರಿನದು. ನಾವಿಬ್ಬರೂ ಕಲ್ಲುಗಳನ್ನು ಎತ್ತಿ ಎತ್ತಿ ನೋಡಿದೆವು. ಕೆಳಗೆ ರಕ್ತವಿಲ್ಲ, ಏನೂ ಇಲ್ಲ. ಅತ್ತಿಗೆ ಆ ನೆಲವನ್ನು ಅಂಗೈಯಿಂದ ಸವರಿ, "ಸದ್ಯ, ಇಲ್ಲ ಕನ," ಎಂದಳು. ಹಾಗೆಂದವಳೇ ಬಾಯಿಗೆ ಕೈ ಅಡ್ಡ ಹಿಡಿದಳು.

ಬದುಕಿಸಿಕೊಂಡಳೋ ಕಳೆದುಕೊಂಡಳೋ ಎಂದು ಊರಿನಲ್ಲಿ ಇವತ್ತಿಗೂ ವಾದ ಮಾಡುತ್ತಾರೆ. ನನ್ನನ್ನು ಕೇಳಿದರೆ, ಎರಡೂ. ನಮ್ಮೂರಲ್ಲಿ ಯಾವ ಕೂಗು ತಾನೇ ಒಂದೇ ಕಡೆ ನಡೆದದ್ದಿದೆ?

ಅವತ್ತೆಲ್ಲ ಅತ್ತಿಗೆ ಕೂಗಿದಳು. ಇನ್ನು ಯಾವುದಕ್ಕೆ ಹೆದರಬೇಕಿತ್ತು? ಬೀದಿಗೆ ಇಳಿದು "ಬಾ" ಎಂದು ಕೂಗಿದಳು. ಎಲ್ಲರೂ ಬಂದರು. ಕೈಯಲ್ಲಿ ಹಿಟ್ಟು ಮೆತ್ತಿಕೊಂಡ ಹೆಂಗಸರು ಬಂದರು, ಅರ್ಧ ಕ್ಷೌರ ಮಾಡಿಸಿಕೊಂಡಿದ್ದ ಗಂಡಸರು ಬಂದರು, ದನ ಬಂದವು, ಕೋಳಿ ಬಂದವು, ದಾರಿ ಹಿಡಿದು ಹೋಗುತ್ತಿದ್ದ ಗುರುತಿಲ್ಲದವರು ತಿರುಗಿ ಬಂದರು. ಬೀದಿ ತುಂಬಿ ಜನ ನಿಂತರು. ಅತ್ತಿಗೆ ಒಂದೊಂದೇ ಮುಖ ನೋಡುತ್ತ ಕೊನೆಯವರೆಗೂ ಹೋದಳು. ಅವಳು ಹುಡುಕುತ್ತಿದ್ದ ಮುಖ ಇರಲಿಲ್ಲ. ಇಂಗ್ಲಿಷಿನಿಂದ ಹೋದವಳು ಇಂಗ್ಲಿಷಿಗಾದರೂ ಬಂದಾಳೆಂದು "ಕಮ್" ಎಂದು ಕೂಗಿದಳು. ಮನೆಮನೆಯ ಎಣ್ಣೆ, ಹಿಟ್ಟು, ಕಾಳು ಎಲ್ಲ ಒಂದು ಬೆರಳು ಕಮ್ಮಿಯಾದವು. ಯಾರೂ ಅದಕ್ಕೆ ಬೈಯಲಿಲ್ಲ.

ಐರಿನ್ ಟೀಚರು ಗುಂಪಿನಲ್ಲೇ ಇದ್ದರು. ಅತ್ತಿಗೆ ಅವರ ಎರಡೂ ಕೈ ಹಿಡಿದುಕೊಂಡಳು. "ಗೋ ಆಯ್ತು, ವೆಂಟ್ ಆಯ್ತು, ಗಾನ್ ಆಯ್ತು. ಅದಾದ್ಮೇಲೆ ಏನು ಬತ್ತದೆ ಟೀಚರ್? ಮುಂದಿಂದು ಏಳ್ಕೊಡಿ, ಅದನ್ನೇ ಕೂಗ್ತೀನಿ."

"ಮೂರೇ ರೂಪ ಇರೋದು ಚೆನ್ನಾಜಮ್ಮ," ಎಂದರು. "ಅಲ್ಲಿಗೆ ಮುಗೀತು." ಮರುವಾರ ಅವರು ಗಂಟುಮೂಟೆ ಕಟ್ಟಿಕೊಂಡು ಊರು ಬಿಟ್ಟರು. ಶಾಲೆಯಲ್ಲಿ ಈಗ ಮುದ್ದಯ್ಯ ಬಟ್ಟೆ ಇಟ್ಟುಕೊಂಡಿದ್ದಾನೆ.

ಅಣ್ಣ ಗಾಣದ ಕಲ್ಲುಗಳನ್ನು ಮತ್ತೆ ಹೇರಲಿಲ್ಲ. ಗಿರಣಿಯಿಂದ ಎಣ್ಣೆ ತಂದು ಮಾರುತ್ತಾನೆ. ಕೆಂದನ ಕಣ್ಣಿನ ಬಟ್ಟೆ ಬಿಚ್ಚಿದ್ದೇವೆ, ಆದರೂ ಅದು ಹಿತ್ತಲಿನಲ್ಲಿ ಒಂದೇ ಸುತ್ತು ಸುತ್ತುತ್ತದೆ, ಒಂದು ಕಡೆ ಬಂದಾಗ ನಿಲ್ಲುತ್ತದೆ. ಅತ್ತಿಗೆ ಅದನ್ನು ನೋಡುತ್ತ ಕೂರುತ್ತಾಳೆ. ಮಾತು ಪೂರ್ತಿ ಬಿಟ್ಟಿಲ್ಲ. ಉಪ್ಪು, ಸೊಪ್ಪು, ಮಳೆ ಎಂದು ಎಲ್ಲರಂತೆ ಮೆಲ್ಲಗೆ ಆಡುತ್ತಾಳೆ.

ಅವಳು ಮನೆ ಬಿಟ್ಟು ಹೊರಡುವುದು ಒಂದೇ ಕಾರಣಕ್ಕೆ. ಊರಿನಲ್ಲಿ ಯಾರ ಮನೆಯಲ್ಲಿ ಮಗುವಿಗೆ ಹೆಸರಿಟ್ಟರೂ, ಕರೆಯದಿದ್ದರೂ ಹೋಗುತ್ತಾಳೆ. ಮೊದಲು ಬಾಣಂತಿಯರು ಹೆದರುತ್ತಿದ್ದರು. ಈಗ ಅವಳಿಗೆಂದೇ ಬೀದಿ ಕಾಣುವ ಹಾಗೆ ಒಂದು ಜಾಗ ಬಿಟ್ಟಿರುತ್ತಾರೆ. ಮೊನ್ನೆ ಅಕ್ಕಿಯವನ ಮೊಮ್ಮಗಳಿಗೆ ಹೆಸರಿಡುವಾಗ ನಾನೂ ಹೋಗಿದ್ದೆ. ಕೂಗಜ್ಜಿಗೆ ಈಗ ನಿಲ್ಲಲಾಗುವುದಿಲ್ಲ, ಇಬ್ಬರು ಹಿಡಿದುಕೊಂಡಿದ್ದರು. ಆದರೂ ಹೆಸರನ್ನು ಎಳೆದು ಕೂಗಿದಳು, ಮೊಟಕು ಮಾಡಿ ಕೂಗಿದಳು, ಮುದ್ದಿಗೆ, ಸಿಟ್ಟಿಗೆ ಕೂಗಿದಳು. ಎಲ್ಲರೂ ಉಸಿರು ಬಿಗಿಹಿಡಿದು, ದೇವರೇ ಏನೂ ಬಾರದಿರಲಿ ಎಂದು ನಿಂತರು. ಅತ್ತಿಗೆ ಮಾತ್ರ ಸೆರಗಿನ ತುದಿಯಲ್ಲಿ ಗಂಟು ಹಾಕಿಟ್ಟ ಆ ಕೆಂಪು ಬಾರ್ಡರನ್ನು ಹಿಡಿದುಕೊಂಡು, ಏನಾದರೂ ಬರಲಿ ಎಂದು ಬೀದಿಯನ್ನೇ ನೋಡುತ್ತಿದ್ದಳು. ಯಾರಿಗೂ ಗೊತ್ತಿಲ್ಲದ ಯಾವ ಸದ್ದಿಗೆ ಯಾವ ಅರ್ಥ ಜೋಡಿಯಾಗಿದೆಯೋ, ಯಾರ ಮಗುವಿನ ಹೆಸರಿಗೆ ಯಾರ ಮಗು ಬರುತ್ತದೋ, ಯಾರು ಬಲ್ಲರು?

ಬೀದಿ ಖಾಲಿಯಿತ್ತು. ಮನೆಯವರ ಮುಖದಲ್ಲಿ ನಗು ಮೂಡಿತು. ಕೂಗಜ್ಜಿ ಮಾತ್ರ "ಇಡ್ರವ್ವ" ಎನ್ನಲಿಲ್ಲ. ಅತ್ತಿಗೆಯ ಕಡೆ ಒಮ್ಮೆ ನೋಡಿದಳು. ಪಾಯಸ ಆರುತ್ತಿತ್ತು, ಕೂಸು ಅಳತೊಡಗಿತ್ತು. ಅಜ್ಜಿ ಇಬ್ಬರ ಕೈ ಕೊಡವಿ, ಹೊಸಿಲನ್ನು ಗಟ್ಟಿಯಾಗಿ ಹಿಡಿದುಕೊಂಡು, "ತಡೀರಿ, ಇನ್ನೊಂದ್ಸಲ ಕೂಗ್ತೀನಿ," ಎಂದಳು.